ಸರೋಜಿನಿಗಾಗಿ ನಿಂತ ಲಂಕೆಯ ರೈಲು

ಕುಂದಾಪುರ

ರೈಲು ನೋಡಲು ವಿಮಾನ ಹತ್ತುವವನನ್ನು ನಮ್ಮ ಊರಿನಲ್ಲಿ ಏನೆಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಆದರೆ ನನ್ನ ಹೆಂಡತಿ ಸರೋಜಿನಿ ಮೀನು ಮಾರ್ಕೆಟಿನಲ್ಲಿ ಒಬ್ಬಳಿಗೆ ಹೇಳಿದಳು, ಅದೂ ಯಾರಿಗೂ ಹೇಳಬಾರದು ಎಂಬ ಷರತ್ತಿನ ಮೇಲೆ. ಆ ಷರತ್ತು ಹೊತ್ತು ಹೊರಟ ಸುದ್ದಿಗೆ ನಮ್ಮಲ್ಲಿ ಯಾವ ಸಿಗ್ನಲ್ಲೂ ಅಡ್ಡ ಬರುವುದಿಲ್ಲ. ಸಂಜೆಯೊಳಗೆ ಅದು ಹೆಮ್ಮಾಡಿ ದಾಟಿತ್ತು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಶೀನ ಬೇಲಿಯ ಮೇಲಿಂದ ತಲೆ ಹಾಕಿದ. ಅವನು ರಿಕ್ಷಾ ಓಡಿಸುತ್ತಾನೆ. ಬಾಯಿಯನ್ನೂ ಅದೇ ವೇಗದಲ್ಲಿ ಓಡಿಸುತ್ತಾನೆ.

"ಹ್ವಾಯ್ ಮಾಸ್ಟ್ರೇ, ಲಂಕೆಗ್ ಹೋಪುದಂಬ್ರಲೆ? ಎಂತ ಕಾಂಬುಕೆ?"

"ರೈಲು."

"ರೈಲಾ! ನಿಮ್ಮನಿ ಹಿಂದ್ಗಡಿ ದಿನಾ ಹೋತಿತ್ತಲೆ ಮಾರಾಯ್ರೆ, ಅದ್ ಸಾಕಾತಿಲ್ಯಾ?"

ಸಾಕಾಗುವುದಿಲ್ಲ ಎಂದು ಶೀನನಿಗೆ ವಿವರಿಸುವುದು ನನ್ನ ಕೆಲಸವಲ್ಲ. ಓದುವವರಿಗೆ ವಿವರಿಸಬೇಕು. ನಾನು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾದವನು. ಕೆಲಸ ಕಲಿತದ್ದು ಘಟ್ಟದ ಮೇಲಿನ ಸಣ್ಣ ಸ್ಟೇಷನ್ನುಗಳಲ್ಲಿ, ಕೈಯಿಂದ ಎಳೆಯುವ ಸಿಗ್ನಲ್ಲು, ಚಾಲಕನ ತೋಳಿಗೆ ಕೊಡುವ ಬೆತ್ತದ ಬಳೆ, ಸೀಮೆಎಣ್ಣೆ ದೀಪಗಳ ಕಾಲದಲ್ಲಿ. ಮುಗಿಸಿದ್ದು ನಮ್ಮ ಕರಾವಳಿಯಲ್ಲಿ, ಗುಂಡಿ ಒತ್ತಿದರೆ ಬಣ್ಣದ ದೀಪ ಹತ್ತುವ ಕಾಲದಲ್ಲಿ. ಗುಂಡಿ ಒತ್ತುವುದಕ್ಕೆ ಸಮವಸ್ತ್ರ ಯಾಕೆ ಬೇಕು ಎಂದು ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಲಂಕೆಯ ಘಟ್ಟದ ಮೇಲೆ ಹಳೆಯ ಪದ್ಧತಿ ಇನ್ನೂ ಉಸಿರಾಡುತ್ತಿದೆ ಎಂದು ಕೇಳಿದ್ದೆ. ಬ್ರಿಟಿಷರು ಕಾಫಿ ಮೂಟೆ ಇಳಿಸಲು ಹಾಕಿಸಿದ ಹಳಿ, ಸರ್ಕಾರವೇ ನಡೆಸಿದ ಇಡೀ ದೇಶದ ರೈಲ್ವೆ. ಉಸಿರು ನಿಲ್ಲುವ ಮೊದಲು ನೋಡಬೇಕೆನ್ನಿಸಿತು. ಅದರದ್ದೋ ನನ್ನದೋ, ಯಾವುದು ಮೊದಲು ನಿಂತರೂ ಸರಿ.

ಬ್ರಹ್ಮಾವರದ ಪ್ರವಾಸ ಏಜೆಂಟನೊಬ್ಬ ಗುಂಪಿನಲ್ಲಿ ಕಳಿಸುವುದಾಗಿ ಹೇಳಿದ. "ಶಾಪಿಂಗ್ ಇತ್ತ್, ಆನೆ ಇತ್ತ್, ಬೀಚ್ ಇತ್ತ್ ಮಾಸ್ಟ್ರೇ" ಎಂದ. ಮರವಂತೆಯ ಬದಿಯಲ್ಲಿ ಹುಟ್ಟಿದವನಿಗೆ ಬೀಚು ಮಾರುವ ಧೈರ್ಯವನ್ನು ಮೆಚ್ಚಿ, ಚಹಾ ಕುಡಿದು ಎದ್ದು ಬಂದೆ.

ಸರೋಜಿನಿಗೆ ಬರಲು ಮನಸ್ಸಿರಲಿಲ್ಲ. ರೈಲೆಂದರೆ ಅವಳಿಗೆ ಒಂದು ಹಳೆಯ ಮುನಿಸು. ಅದನ್ನು ಅವಳು ಮುಚ್ಚಿಟ್ಟವಳಲ್ಲ. ಮನೆಗೆ ಬಂದ ಪ್ರತಿಯೊಬ್ಬರಿಗೂ ಬೆಲ್ಲ ನೀರಿನ ಜೊತೆ ಅದನ್ನೂ ಕೊಡುತ್ತಾಳೆ.

"ತಂಗಿ ಮದಿಗ್ ಬೈಂದೂರಿಗ್ ಹೊರಟದ್ದ್ ನಾನ್. ಮಲ್ಲಿಗಿ ಕಟ್ಟ್ ಹಿಡ್ಕಂಡ್ ಓಡ್ಕಂಡ್ ಬಪ್ದ್ ಇವ್ರ್ ಕಂಡ್ರ್. ಕಂಡ್ ಎಂತ ಮಾಡ್ರ್ ಗೊತ್ತಿತಾ? ಹಸ್ರ್ ಬಾವ್ಟ ಎತ್ರ್! ಬಸ್ಸಂಗೆ ಹೋಯಿ ಮುಟ್ಟುವತ್ತಿಗ್ ಧಾರಿ ಮುಗ್ದಿತ್ತ್. ಇವ್ರ್ ಮಾಸ್ಟ್ರ್ ಆಯಿ ಇದ್ದಷ್ಟ್ ಕಾಲ ಒಂದೇ ಒಂದ್ ರೈಲ್ ನಂಗ್ ಬೇಕಾಯಿ ನಿಂತದ್ ಇಲ್ಲ."

ಅವಳ ತಂಗಿಯ ಮದುವೆಯ ದಿನ ರೈಲು ತಡವಾಗಿರಲಿಲ್ಲ, ತಡವಾದವಳು ಅವಳು ಎಂಬುದು ಆಗಲೂ ಈಗಲೂ ನನ್ನ ಉತ್ತರ. ಆ ಉತ್ತರವನ್ನು ಕೇಳಿದವರೆಲ್ಲ ಅವಳ ಕಡೆಗೇ ಹೋಗುತ್ತಾರೆ. ಜನರಿಗೆ ನಿಯಮಕ್ಕಿಂತ ಮಲ್ಲಿಗೆಯ ಮೇಲೆ ಕನಿಕರ ಜಾಸ್ತಿ.

ಕೊನೆಗೆ ಅವಳೂ ಹೊರಟಳು. ಪಾಸ್‌ಪೋರ್ಟು, ದುಡ್ಡು, ಫೋನು, ಟಿಕೆಟ್ಟು ಎಲ್ಲವೂ ನನ್ನ ಸೊಂಟದ ಚೀಲದಲ್ಲಿ. ಜವಾಬ್ದಾರಿ ಒಬ್ಬನ ಕೈಯಲ್ಲಿರಬೇಕು ಎಂಬುದು ರೈಲ್ವೆ ಕಲಿಸಿದ ಪಾಠ. ಆ ಪಾಠದ ಬೆಲೆ ಮುಂದೆ ಬರುತ್ತದೆ.

ಕೊಲಂಬೊ, ಕಡಲ ಬದಿ

ಲಂಕೆಯ ಜನ "ಇಲ್ಲ" ಎನ್ನುವುದನ್ನೂ ನಕ್ಕೇ ಹೇಳುತ್ತಾರೆ. ಕೊಲಂಬೊದ ದೊಡ್ಡ ಸ್ಟೇಷನ್ನಿನಲ್ಲಿ ಸಿಗ್ನಲ್ ಕ್ಯಾಬಿನ್ ಹತ್ತಿ ನೋಡಬಹುದೇ ಎಂದು ಒಬ್ಬ ಅಧಿಕಾರಿಯನ್ನು ಕೇಳಿದೆ. ನಾನು ಯಾರು, ಎಲ್ಲೆಲ್ಲಿ ಕೆಲಸ ಮಾಡಿದ್ದೆ, ಎಲ್ಲವನ್ನೂ ಹೇಳಿದೆ. ಅವರು ತಲೆಯನ್ನು ನಮ್ಮ ಹಾಗೆಯೇ ಅತ್ತಿತ್ತ ತೂಗಿ, ಬಾಯಿ ತುಂಬ ನಕ್ಕು, ಕೈ ಕುಲುಕಿ, ಹೊರಗಿನ ದಾರಿ ತೋರಿಸಿದರು. ಪ್ಲಾಟ್‌ಫಾರಂ ತಲುಪಿದ ಮೇಲೆ ನನ್ನನ್ನು ಹೊರಗೆ ಕಳಿಸಿದ್ದು ಎಂದು ತಿಳಿಯಿತು. ನಾನಿದ್ದ ಜಾಗದಲ್ಲಿ ಇಂಥ ಮರ್ಯಾದೆಯಿಂದ ಯಾರನ್ನೂ ಹೊರಗಟ್ಟಿದ ನೆನಪು ನನಗಿಲ್ಲ.

ಮೊದಲ ದಿನ ದಕ್ಷಿಣದ ಕಡಲತೀರದ ರೈಲಿನಲ್ಲಿ ಹೋದೆವು. ಹಳಿ ಮತ್ತು ಸಮುದ್ರದ ನಡುವೆ ಒಂದು ಸಾಲು ಕಪ್ಪು ಕಲ್ಲು, ಅಷ್ಟೇ. ತೆರೆ ದೊಡ್ಡದಾದರೆ ಕಿಟಕಿಯಲ್ಲಿ ಕೂತವರ ಕನ್ನಡಕಕ್ಕೆ ಉಪ್ಪು. ಸರೋಜಿನಿ ಹಂಗಾರಕಟ್ಟೆಯವಳು. ದೋಣಿ ಕಟ್ಟುವ ಸುತ್ತಿಗೆಯ ಸದ್ದಿನಲ್ಲೇ ಬೆಳೆದವಳು. ಅವಳು ಸಮುದ್ರವನ್ನು ನೋಡಲೇ ಇಲ್ಲ, ಕಲ್ಲುಗಳನ್ನು ನೋಡಿದಳು.

"ಇಲ್ಲೂ ಕಲ್ಲ್ ಹಾಕುದೇ?"

"ವರ್ಷ ವರ್ಷ ಹಾಕ್ತಾರಂತೆ."

"ನಮ್ಮ್ ಮರವಂತೆಗೂ ವರ್ಷ ವರ್ಷ ಹಾಕ್ತ್ರ್. ಇವ್ರ್ ಹಾಕದ್ ಇಲ್ಲೇ ಇತ್ತಲೆ! ನಮ್ದ್ ಎಲ್ಲಿಗ್ ಹೋತ್ತ್?"

ನಮ್ಮಲ್ಲಿ ಕಲ್ಲು ಹಾಕುವುದೆಂದರೆ ಸಮುದ್ರಕ್ಕೆ ವರ್ಷಕ್ಕೊಮ್ಮೆ ಬಡಿಸುವ ಊಟ. ಮಳೆಗಾಲದಲ್ಲಿ ಅದು ಉಂಡು ಮುಗಿಸುತ್ತದೆ, ಮುಂದಿನ ವರ್ಷ ಮತ್ತೆ ಎಲೆ ಹಾಕುತ್ತೇವೆ. ಇಲ್ಲಿ ಕಲ್ಲನ್ನು ತಿನ್ನಲಿಕ್ಕಲ್ಲ, ನಿಲ್ಲಲಿಕ್ಕೆ ಹಾಕಿದ್ದಾರೆ. ಎಂಥ ವಿಚಿತ್ರ ಜನ.

ರೈಲಿನ ಬಾಗಿಲುಗಳಲ್ಲಿ ಮಾತ್ರ ಶಿಸ್ತು ಕಾಣಲಿಲ್ಲ. ದೊಡ್ಡವರು ಚಿಕ್ಕವರು ಎಲ್ಲರೂ ಹೊರಗೆ ನೇತಾಡುತ್ತಿದ್ದರು. ಒಬ್ಬ ಮಹನೀಯರು ಕೋಟು ಹಾಕಿಕೊಂಡೇ ನೇತಾಡುತ್ತಿದ್ದರು. ನಾನು ಅವರಿಗೆ ಒಳಗೆ ಬರಲು ಕೈಸನ್ನೆ ಮಾಡಿದೆ. ಅವರು ನಕ್ಕು, ಸರಿದು, ನನಗೂ ನೇತಾಡಲು ಜಾಗ ಮಾಡಿಕೊಟ್ಟರು.

ಸಿಗಡಿ ಕೂರಿಸಿದ ವಡೆ ಮಾರುವವನು ಬಂದ. ಸರೋಜಿನಿ ಅವನೊಡನೆ ಕುಂದಾಪ್ರ ಕನ್ನಡದಲ್ಲೇ ವ್ಯವಹಾರ ಮುಗಿಸಿದಳು. "ಶೆಟ್ಲಿ ಹೊಸ್ದಾ ಹಳತಾ?" ಎಂದು ಕೇಳಿದಳು. ಅವನು ಸಿಂಹಳದಲ್ಲಿ ಏನೋ ಹೇಳಿದ. "ಹೊಸ್ದಂಬ್ರ್" ಎಂದು ನನಗೆ ಅನುವಾದಿಸಿದಳು. ವಡೆ ಕಟ್ಟಿದ್ದು ಯಾವುದೋ ಶಾಲೆಯ ಲೆಕ್ಕದ ಪುಸ್ತಕದ ಹಾಳೆಯಲ್ಲಿ. ಭಾಗಾಕಾರ ತಪ್ಪಾಗಿತ್ತು, ವಡೆ ಸರಿಯಾಗಿತ್ತು.

ಕಡುಗನ್ನಾವ

ಘಟ್ಟ ಹತ್ತುವಲ್ಲಿ ಕಡುಗನ್ನಾವ ಎಂಬ ಊರಿನಲ್ಲಿ ರೈಲ್ವೆಯ ವಸ್ತುಸಂಗ್ರಹಾಲಯ ಇದೆ. ಹಳೆಯ ಇಂಜಿನ್ನುಗಳನ್ನು ತೊಳೆದು, ಬಣ್ಣ ಬಳಿದು ನಿಲ್ಲಿಸಿದ್ದಾರೆ. ನಿವೃತ್ತಿಯ ನಂತರ ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆಂದರೆ ನಾನೂ ಇಂಜಿನ್ನಾಗಿಯೇ ಕೆಲಸಕ್ಕೆ ಸೇರುತ್ತಿದ್ದೆ.

ಸರೋಜಿನಿ ಒಂದು ಇಂಜಿನ್ನಿನ ನೆರಳಿನಲ್ಲಿ ಕಾಲು ಚಾಚಿ ಕೂತಳು. ನಾನು ಅಲ್ಲೇ ನಿಂತು ಹಳೆಯ ಕಾಲದ ರೈಲ್ವೆ ವರದಿಗಳ ವಿಷಯ ಹೇಳತೊಡಗಿದೆ. ಅಂಥ ವರದಿಗಳನ್ನು ನಾನು ತರಬೇತಿಯಲ್ಲಿ ಓದಿದ್ದೇನೆ. ಆ ಕಾಲದಲ್ಲಿ ವರ್ಷ ಮುಗಿದರೆ ರೈಲ್ವೆಯ ಮುಖ್ಯಸ್ಥ ಕೂತು ಎಲ್ಲವನ್ನೂ ಬರೆಯುತ್ತಿದ್ದ. ಎಷ್ಟು ದೂರ ಹಳಿ ಬದಲಾಯಿತು, ಹಳಿಯಡಿಯ ಎಷ್ಟು ಮರದ ದಿಮ್ಮಿಗಳನ್ನು ಗೆದ್ದಲು ತಿಂದಿತು, ಯಾವ ಸೇತುವೆಗೆ ಹೊಸ ಕಲ್ಲು, ಯಾವ ಸುರಂಗದಲ್ಲಿ ನೀರು, ಎಷ್ಟು ಕಾಫಿ ಇಳಿಯಿತು, ಎಷ್ಟು ಅಕ್ಕಿ ಏರಿತು. ಕೊನೆಗೆ ರೈಲಿಗೆ ಸಿಕ್ಕಿ ಸತ್ತ ದನಗಳು. ದನ ತಪ್ಪು ಮಾಡಿತೋ ಬೇಲಿ ತಪ್ಪು ಮಾಡಿತೋ ಎಂಬ ಚರ್ಚೆಯೂ ಇರುತ್ತಿತ್ತು. ರೈಲು ಮಾತ್ರ ಯಾವ ವರ್ಷವೂ ತಪ್ಪು ಮಾಡಿದ್ದಿಲ್ಲ.

ಸರೋಜಿನಿ ಗಂಭೀರವಾಗಿ ಕೇಳಿದಳು. "ದನದ್ ಲೆಕ್ಕ ಬರ್ದಿರ್, ಆಯ್ತ್. ಸ್ಟೇಷನ್ನಂಗೆ ಬಿಟ್ಟ್ ಹೋದ್ ಹೆಂಡ್ತಿಯರ್ ಲೆಕ್ಕ ಇತ್ತಾ ಅದ್ರಗೆ?"

"ಇಲ್ಲ."

"ಹಂಗಾರೆ ಆ ಪುಸ್ತಕ ಪೂರ್ತಿ ಆಯ್ಲಿಲ್ಲ ಅಂದ್ಕಣಿ."

ನಾನು ಅವಳನ್ನು ಎಬ್ಬಿಸಿ ಬಿಲ್ಲೆಯ ಯಂತ್ರದ ಮುಂದೆ ನಿಲ್ಲಿಸಿದೆ. ಮುಂದಿನ ಕಥೆಗೆ ಇದು ಬೇಕು, ಆದ್ದರಿಂದ ಓದುವವರೂ ಒಂದು ಕ್ಷಣ ಅವಳ ಪಕ್ಕದಲ್ಲಿ ನಿಲ್ಲಬೇಕು. ಘಟ್ಟದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಇರುವುದು ಒಂದೇ ಹಳಿ. ಎರಡೂ ಕಡೆ ಒಂದೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಲೋಹದ ಬಿಲ್ಲೆಗಳು. ಬಿಲ್ಲೆ ಕೈಯಲ್ಲಿದ್ದರೆ ಮಾತ್ರ ಚಾಲಕ ಆ ಹಳಿಗೆ ಇಳಿಯಬಹುದು. ಒಂದು ಬಿಲ್ಲೆ ಹೊರಗೆ ಬಂತೆಂದರೆ, ಅದು ಮುಂದಿನ ಸ್ಟೇಷನ್ನಿನ ಪೆಟ್ಟಿಗೆಯೊಳಗೆ ಬೀಳುವವರೆಗೆ ಎರಡೂ ಪೆಟ್ಟಿಗೆಗಳ ಬಾಯಿ ಬಂದ್. ಹೀಗಾಗಿ ಒಂದೇ ಹಳಿಯ ಮೇಲೆ ಎರಡು ರೈಲು ಸೇರುವ ಪ್ರಶ್ನೆಯೇ ಇಲ್ಲ. ಬಿಲ್ಲೆಯನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ಒಂದು ದೊಡ್ಡ ಬಳೆಗೆ ಕಟ್ಟಿರುತ್ತಾರೆ, ಓಡುವ ರೈಲಿನಿಂದಲೂ ತೋಳಿನಲ್ಲಿ ಸಿಕ್ಕಿಸಿಕೊಳ್ಳುವುದಕ್ಕೆ. ಚಾಲಕ ತಲುಪಿದ ಸ್ಟೇಷನ್ನಿನಲ್ಲಿ ಹಳೆಯ ಬಳೆ ಕೊಟ್ಟು, ಮುಂದಿನ ಹಾದಿಗೆ ಹೊಸ ಬಳೆ ಪಡೆಯುತ್ತಾನೆ.

ಸರೋಜಿನಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು. "ಕಾಲ್ಸಂಕದ್ ಮೇಲೆ ಒಬ್ಬ ಇಪ್ಪತ್ತಿಗ್ ಇನ್ನೊಬ್ಬ ಹತ್ತುಕಾಗ. ಅಷ್ಟೇ ಅಲ್ದಾ? ಇದ್ಕ್ ಇಷ್ಟ್ ದೊಡ್ ಪೆಟ್ಟ್ಗಿ ಎಂತಕ್?"

ತೋಡು ದಾಟುವ ಮರದ ಸಂಕದ ಈ ನ್ಯಾಯವನ್ನು ನನಗೆ ಕಲಿಸಲು ಇಲಾಖೆ ತಿಂಗಳುಗಟ್ಟಲೆ ತರಬೇತಿ ಕೊಟ್ಟಿತ್ತು.

ಹೂವಿನ ಸ್ಟೇಷನ್

ಮರುದಿನ ಘಟ್ಟದ ಮೇಲಿನ ರೈಲು. ಚಹಾ ತೋಟ, ಮಂಜು, ಸುರಂಗ. ಸಿಗ್ನಲ್ಲಿನ ಕೈಗಳು ಏಳುವುದನ್ನೂ ಬೀಳುವುದನ್ನೂ ನೋಡುತ್ತಾ ನನಗೆ ಹಸಿವೆಯೂ ಆಗಲಿಲ್ಲ. ಬಳೆಗಳು ಚಾಲಕನ ಕೈಯಿಂದ ಪೋರ್ಟರನ ಕೈಗೆ, ಪೋರ್ಟರನ ಕೈಯಿಂದ ಚಾಲಕನ ಕೈಗೆ. ಮದುವೆ ಮನೆಯ ಹಾರದ ಹಾಗೆ ಬದಲಾಗುತ್ತಿದ್ದವು.

ಅಲ್ಲಿನ ಸ್ಟೇಷನ್ನುಗಳಲ್ಲಿ ಹೂವಿನ ತೋಟಗಳಿವೆ. ನಿಜವಾದ ತೋಟಗಳು. ನಾನು ಮೊದಲು ಕೆಲಸ ಮಾಡಿದ ಕಡೆಯೂ ಹೂವಿನ ಕುಂಡಗಳಿದ್ದವು. ಅವು ವಾರ್ಷಿಕ ತಪಾಸಣೆಯ ಹಿಂದಿನ ಸಂಜೆ ಬರುತ್ತಿದ್ದವು. ಸಾಹೇಬರು ಹೂವನ್ನು ಮೆಚ್ಚಿ ರೈಲು ಹತ್ತಿದ ಕೂಡಲೇ ಕುಂಡಗಳು ಲಾರಿ ಹತ್ತಿ ಮುಂದಿನ ಸ್ಟೇಷನ್ನಿಗೆ ಓಡುತ್ತಿದ್ದವು. ಸಾಹೇಬರು ಅಲ್ಲೂ ಅದೇ ಹೂವನ್ನು ಮತ್ತೆ ಮೆಚ್ಚುತ್ತಿದ್ದರು. ಇಲ್ಲಿ ತಪಾಸಣೆ ಇಲ್ಲದ ದಿನವೂ ಹೂ ಅರಳುತ್ತದೆ. ಯಾರು ನೋಡಲೆಂದು ಎಂದು ನನಗೆ ತಿಳಿಯಲಿಲ್ಲ.

ನೋಡಿದವಳು ಸರೋಜಿನಿ. ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಊರಿನ ಹೆಸರು ಬೇಡ, ಅಲ್ಲಿನವರದ್ದು ಏನೂ ತಪ್ಪಿಲ್ಲ. ಬೇಲಿಯುದ್ದಕ್ಕೂ ನೀಲಿ ಹೂವಿನ ಗಿಡ, ಒಂದೊಂದು ಗೊಂಚಲೂ ತೆಂಗಿನಕಾಯಿ ಗಾತ್ರ.

"ಒಂದ್ ಗೆಲ್ಲ್ ಸಿಕ್ಕುತ್ತಾ ಕಂಡ್ಕಂಡ್ ಬತ್ತೆ."

"ರೈಲು ಹೊರಡುತ್ತದೆ."

"ಹೊರಡ್ವತ್ತಿಗ್ ಬತ್ತೆ ಅಂದೆ ಅಲ್ದಾ."

ನಮ್ಮ ಕಡೆಯ ಹೆಂಗಸರಿಗೆ ಪರರ ಮನೆಯ ಗಿಡ ಕಂಡರೆ ಬೆರಳು ತುರಿಸುತ್ತದೆ. ಕೇಳಿ ತಂದ ಗೆಲ್ಲಿಗಿಂತ, ನೆಡುವ ಕೊಂಬೆಗಿಂತ ಎನ್ನಿ, ಕೇಳದೆ ತಂದದ್ದು ಬೇಗ ಚಿಗುರುತ್ತದೆ ಎಂಬುದು ಅವರ ಶಾಸ್ತ್ರ. ಅವಳು ಇಳಿದಳು. ಚಪ್ಪಲಿ ಸೀಟಿನ ಕೆಳಗೇ ಬಿಟ್ಟು ಬರಿಗಾಲಲ್ಲೇ ಇಳಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ತೋಟದಲ್ಲಿ ಕಳೆ ಕೀಳುತ್ತಿದ್ದ ಒಬ್ಬ ತಮಿಳು ಹೆಂಗಸಿನ ಹತ್ತಿರ ಕೂತು ಮಾತಾಡತೊಡಗಿದಳು. ಇವಳದು ಕನ್ನಡ, ಅವಳದು ತಮಿಳು. ಇಬ್ಬರೂ ತಲೆಯಾಡಿಸುತ್ತಿದ್ದರು.

ಶೀಟಿ ಕೇಳಿತು. ಹಸಿರು ಬಾವುಟ ಏರಿತು. ಸರೋಜಿನಿ ತಲೆ ಎತ್ತಿ ನೋಡಿದಳು, ಎದ್ದಳು, ಓಡಿದಳು. ರೈಲು ಹೊರಟಿತು.

ತಲೆಯ ಮೇಲೆ ತುರ್ತು ಸರಪಳಿ ಇತ್ತು. ಕೈ ಎತ್ತಿದರೆ ಎಟಕುವಷ್ಟು ಹತ್ತಿರ. ಸಕಾರಣವಿಲ್ಲದೆ ಎಳೆಯಬಾರದು ಎಂಬುದು ಎಲ್ಲ ದೇಶಗಳ ನಿಯಮ. ಹೆಂಡತಿ ಇಳಿದದ್ದು ಗಿಡದ ಗೆಲ್ಲಿಗೆ. ಗಿಡದ ಗೆಲ್ಲು ಸಕಾರಣವೇ? ಆರೋಗ್ಯ ಕೆಟ್ಟಿದ್ದರೆ ಹೌದು. ಬೆಂಕಿಯಾದರೆ ಹೌದು. ಗೆಲ್ಲಿನ ಬಗ್ಗೆ ನಿಯಮ ಪುಸ್ತಕ ಏನೂ ಹೇಳುವುದಿಲ್ಲ. ನಾನು ಎರಡೂ ಪಕ್ಷಗಳನ್ನು ತೂಗಿ ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ರೈಲು ಕೊನೆಯ ಸಿಗ್ನಲ್ ದಾಟಿ ಸುರಂಗದೊಳಗಿತ್ತು. ಕತ್ತಲಲ್ಲಿ ನೆನಪಾಯಿತು: ಅವಳ ಹತ್ತಿರ ಪಾಸ್‌ಪೋರ್ಟಿಲ್ಲ, ದುಡ್ಡಿಲ್ಲ, ಫೋನಿಲ್ಲ, ಕಾಲಿಗೆ ಚಪ್ಪಲಿಯೂ ಇಲ್ಲ. ಎಲ್ಲ ಜವಾಬ್ದಾರಿಯೂ ನನ್ನ ಸೊಂಟದಲ್ಲಿ ಭದ್ರವಾಗಿತ್ತು.

ನಮ್ಮ ಯಕ್ಷಗಾನದಲ್ಲಿ ಹೆಂಡತಿ ಕಳೆದ ಮೇಲೆ ಲಂಕೆಗೆ ಹೋಗುವುದು ಕ್ರಮ. ನಾನು ಲಂಕೆಗೆ ಬಂದು ಕಳೆದುಕೊಂಡೆ.

ಮುಂದಿನ ಸ್ಟೇಷನ್

ಮುಂದಿನ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಮೊದಲೇ ನಾನು ಬಾಗಿಲಲ್ಲಿದ್ದೆ. ನೇತಾಡುತ್ತಿದ್ದೆ ಎಂದರೂ ಸರಿಯೇ. ಯೋಜನೆ ಸ್ಪಷ್ಟವಾಗಿತ್ತು: ಸ್ಟೇಷನ್ ಮಾಸ್ಟರಿಗೆ ಹೇಳಿ ಹಿಂದಿನ ಸ್ಟೇಷನ್ನಿಗೆ ಫೋನು ಮಾಡಿಸುವುದು, ಹಿಂದೆ ಬರುವ ರೈಲಿನಲ್ಲಿ ಸರೋಜಿನಿಯನ್ನು ಹತ್ತಿಸಿ ಕಳಿಸಲು ಹೇಳುವುದು, ಇಲ್ಲೇ ಕಾಯುವುದು. ಎರಡು ನಿಮಿಷದ ಕೆಲಸ.

ಮಾಸ್ಟರು ಒಳಗೆ ಯಂತ್ರದ ಮುಂದೆ ಮುಂದಿನ ಹಾದಿಗೆ ಬಿಲ್ಲೆ ತೆಗೆಯುತ್ತಿದ್ದರು. ಆ ಕೆಲಸ ಮಾಡುವವನನ್ನು ಮಾತಾಡಿಸಬಾರದು, ಅದು ನನಗೆ ರಕ್ತದಲ್ಲಿ ಗೊತ್ತು. ಬಾಗಿಲ ಹೊರಗೆ ನಿಂತೆ. ಚಾಲಕನಿಂದ ಪಡೆದ ಬಳೆಯನ್ನು ಪೋರ್ಟರು ಬಾಗಿಲ ಪಕ್ಕದ ಗೂಟಕ್ಕೆ ಸಿಕ್ಕಿಸಿ, ತರಕಾರಿ ಮೂಟೆಯೊಂದಿಗೆ ಇಳಿಯಲಾರದೆ ನಿಂತಿದ್ದ ಒಬ್ಬ ಮುದುಕಿಗೆ ಕೈ ನೀಡಲು ಹೋದರು. ಅದು ಅಲ್ಲಿನ ಪದ್ಧತಿ. ಗೂಟ ಇರುವುದೇ ಅದಕ್ಕೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಬಳೆ ಅಲ್ಲಿ ತೂಗಿ ಒಳಗೆ ಹೋಗುತ್ತದೆ.

ನನ್ನ ಕಣ್ಣಿಗೆ ಕಂಡದ್ದು ಮಾತ್ರ ಬೇರೆ. ಯಾರ ಕೈಯಲ್ಲೂ ಇಲ್ಲದ ಬಳೆ! ಅನಾಥವಾಗಿ! ಬಳೆ ಯಾವಾಗಲೂ ಒಬ್ಬ ಜವಾಬ್ದಾರನ ಮೈಮೇಲೆ ಇರಬೇಕು ಎಂದು ನನಗೆ ಕಲಿಸಿದ ಗುರುಗಳು ಈಗ ಬದುಕಿಲ್ಲ, ಆದರೆ ಅವರ ಧ್ವನಿ ಬದುಕಿದೆ. ನನ್ನ ಕೈ ನನ್ನನ್ನು ಕೇಳಲಿಲ್ಲ. ಬಳೆ ಗೂಟದಿಂದ ಎದ್ದು ನನ್ನ ಹೆಗಲಿಗೆ ಬಂತು. ಒಳಗೆ ಕೊಂಡುಹೋಗಿ ಮಾಸ್ಟರ ಕೈಗೇ ಕೊಡೋಣ, ಕೊಡುವಾಗ ಎರಡು ಹಿತವಚನವನ್ನೂ ಹೇಳೋಣ, ಆಮೇಲೆ ಹೆಂಡತಿಯ ವಿಷಯ ಎತ್ತೋಣ ಎಂದುಕೊಂಡೆ.

ಅಷ್ಟರಲ್ಲಿ ಮಾಸ್ಟರು ಇನ್ನೊಂದು ಬಾಗಿಲಿನಿಂದ ಹೊರಗೆ ಬಂದು ಚಾಲಕನಿಗೆ ಹೊಸ ಬಳೆ ಕೊಟ್ಟರು. ಶೀಟಿ ಕೇಳಿತು. ಚೀಲಗಳು ರೈಲಿನಲ್ಲಿವೆ, ಸರೋಜಿನಿಯ ಚಪ್ಪಲಿ ಸೀಟಿನ ಕೆಳಗಿದೆ. ಶೀಟಿ ಕೇಳಿ, ಬಳೆಯನ್ನು ಹೆಗಲಲ್ಲಿ ಹೊತ್ತು, ಹೊರಟ ರೈಲಿನ ಪಕ್ಕ ಓಡುವುದನ್ನು ನನ್ನ ಕಾಲುಗಳು ಎಷ್ಟೋ ವರ್ಷ ಮಾಡಿದ್ದವು. ಅವೂ ನನ್ನನ್ನು ಕೇಳಲಿಲ್ಲ. ಹತ್ತಿಬಿಟ್ಟೆ. ಸೀಟಿನಲ್ಲಿ ಕೂತು ಬೆವರು ಒರೆಸಿಕೊಳ್ಳುವಾಗ ಎದುರಿಗಿದ್ದ ಮಹಿಳೆ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು: "ಅದನ್ನು ಎಲ್ಲಿ ಕೊಂಡಿರಿ? ನನ್ನ ಮೊಮ್ಮಗಳಿಗೂ ಒಂದು ಬೇಕಿತ್ತು."

ಅದರಾಚೆಯ ಸ್ಟೇಷನ್

ಲೆಕ್ಕ ಸರಳವಾಗಿತ್ತು. ನನ್ನ ಹೆಗಲ ಮೇಲಿದ್ದುದು ಹೂವಿನ ಸ್ಟೇಷನ್ನಿಗೂ ಅದರ ಮುಂದಿನದಕ್ಕೂ ನಡುವಿನ ಹಾದಿಯ ಬಿಲ್ಲೆ. ಅದು ಪೆಟ್ಟಿಗೆಯೊಳಗೆ ಬೀಳುವವರೆಗೆ ಹೂವಿನ ಸ್ಟೇಷನ್ನಿನಿಂದ ಈ ಕಡೆಗೆ ಯಾವ ರೈಲೂ ಹೊರಡುವಂತಿಲ್ಲ. ಸರೋಜಿನಿ ಹತ್ತಬೇಕಾದ ರೈಲೂ ಸೇರಿ. ಎದುರಿನಿಂದ ಬರುವ ರೈಲೂ ಹೋಗುವಂತಿಲ್ಲ. ಒಂದು ದೇಶದ ಘಟ್ಟದ ಹಾದಿಯನ್ನು ನಾನು ಅಂಗಿಯ ಮೇಲೆ ಹಾಕಿಕೊಂಡು ಕೂತಿದ್ದೆ. ಹೀಗೆ ಮಾಡಿದವನು ನನ್ನ ಸ್ಟೇಷನ್ನಿನಲ್ಲಿ ಸಿಕ್ಕಿದ್ದರೆ ಪೊಲೀಸರನ್ನು ಕರೆಸಿ, ಅವರು ಬರುವವರೆಗೆ ಉಪದೇಶ ಮಾಡುತ್ತಿದ್ದೆ.

ರೈಲು ನಿಂತಾಗ ಚೀಲಗಳು, ಒಂದು ಜೊತೆ ಹೆಂಗಸಿನ ಚಪ್ಪಲಿ, ಒಂದು ಬಳೆ ಸಮೇತ ಇಳಿದೆ. ಅಲ್ಲಿನ ಸ್ಟೇಷನ್ ಮಾಸ್ಟ್ರು ಬಾಗಿಲಲ್ಲೇ ನಿಂತಿದ್ದರು, ಕಿವಿಯಲ್ಲಿ ಫೋನು. ನನ್ನ ಹೆಗಲು ನೋಡಿದರು. ಫೋನಿನಲ್ಲಿ ಒಂದೇ ಮಾತು ಹೇಳಿ ಇಟ್ಟರು. ಆಮೇಲೆ ನಕ್ಕರು. ಆ ದೇಶದಲ್ಲಿ ನಕ್ಕರೆ ಏನರ್ಥ ಎಂದು ಕೊಲಂಬೊದಲ್ಲೇ ಕಲಿತಿದ್ದೆ, ಹೊರಗಿನ ದಾರಿ ಎಲ್ಲಿ ಎಂದು ನೋಡಿದೆ.

"ನೀವು ರೈಲ್ವೆಯವರು" ಎಂದರು ಇಂಗ್ಲಿಷಿನಲ್ಲಿ.

"ಹೇಗೆ ಗೊತ್ತಾಯಿತು?"

"ಕಳ್ಳನಾಗಿದ್ದರೆ ಚೀಲದಲ್ಲಿ ಬಚ್ಚಿಡುತ್ತಿದ್ದ. ಪ್ರವಾಸಿಯಾಗಿದ್ದರೆ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸುತ್ತಿದ್ದ. ಎಡ ಹೆಗಲಿಗೆ, ಚೀಲ ಮುಂದೆ ಬರುವ ಹಾಗೆ ಹಾಕಿಕೊಳ್ಳುವವರು ನಾವು ಮಾತ್ರ."

ನಾನು ಎಲ್ಲವನ್ನೂ ಹೇಳಿದೆ. ಹೆಂಡತಿ, ಗೆಲ್ಲು, ಸರಪಳಿ, ಗೂಟ. ಬಿಲ್ಲೆ ಕಳೆದುಹೋದರೆ ಕಾಗದದ ಮೇಲೆ ಅಪ್ಪಣೆ ಕೊಟ್ಟು ರೈಲು ಬಿಡುವ ವಿಧಾನ ಇದೆಯಲ್ಲ, ಹಾಗೆ ಮಾಡಿ ಅವಳನ್ನು ಬೇಗ ಕರೆಸಿ ಎಂದೆ.

"ಇದೆ. ಆದರೆ ಬಿಲ್ಲೆ ಕಳೆದಿಲ್ಲವಲ್ಲ. ನಿಮ್ಮ ಹೆಗಲ ಮೇಲಿದೆ. ನೀವೇ ಹೇಳಿ, ನಿಮ್ಮ ಸ್ಟೇಷನ್ನಿನಲ್ಲಿ ಇದ್ದಿದ್ದರೆ ನೀವು ಕಾಗದ ಬರೆಯುತ್ತಿದ್ದಿರಾ?"

ಬರೆಯುತ್ತಿರಲಿಲ್ಲ. ಜಗತ್ತೇ ಮುಳುಗಿದರೂ ಬರೆಯುತ್ತಿರಲಿಲ್ಲ. ನನ್ನದೇ ಜಾತಿಯ ಮನುಷ್ಯ ನನ್ನ ಎದುರಿಗೆ ನಿಂತಿದ್ದ. ಇಂಥವನ ಜೊತೆ ವ್ಯವಹರಿಸುವುದು ಎಷ್ಟು ಕಷ್ಟ ಎಂಬುದು ನನಗೆ ಅಂದು ಮೊದಲ ಬಾರಿಗೆ ತಿಳಿಯಿತು.

ಬಳೆಯನ್ನು ರಸ್ತೆಯ ಮೂಲಕ ಹಿಂದಕ್ಕೆ ಕಳಿಸಲು ಆಟೋ ಬರಬೇಕಿತ್ತು. ಅದು ಬರುವವರೆಗೆ ಅವರು ಹಾಲಿಲ್ಲದ ಚಹಾ ತರಿಸಿದರು. ಅಂಗೈಗೆ ಒಂದು ತುಂಡು ಬೆಲ್ಲ ಇಟ್ಟರು. ಅದನ್ನು ಕಚ್ಚಿ ಚಹಾ ಕುಡಿಯುವುದು ಅಲ್ಲಿನ ಕ್ರಮ. ದಾರಿ ತಪ್ಪಿ ಬಂದವನಿಗೂ ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ಊರು ಕೇಳುವುದು ನಮ್ಮ ಮನೆಯ ಕ್ರಮ. ಆದರೆ ರೈಲು ನಿಲ್ಲಿಸಿದವನಿಗೆ ಬೆಲ್ಲ ಕೊಡುವಷ್ಟು ದೂರ ನಾವಿನ್ನೂ ಹೋಗಿಲ್ಲ. ಬೆಲ್ಲವನ್ನು ಕಚ್ಚದೆ ಅಂಗೈಯಲ್ಲೇ ಹಿಡಿದು ಕೂತೆ. ಭಾಷೆ ಬಾರದ ಊರಿನಲ್ಲಿ ಬರಿಗಾಲಲ್ಲಿ ನಿಂತವಳು ನನ್ನನ್ನು ಏನೆಂದು ಬೈಯುತ್ತಿರಬಹುದು ಎಂದು ಯೋಚಿಸಿದೆ. ಅಥವಾ ಬೈಯುತ್ತಿಲ್ಲವೇನೋ. ಅಳುತ್ತಿದ್ದರೆ? ಸರೋಜಿನಿ ಅತ್ತದ್ದನ್ನು ನಾನು ಹೆಚ್ಚು ಕಂಡವನಲ್ಲ. ಬೈಂದೂರಿನ ಬಸ್ಸಿನಲ್ಲಿ ಅತ್ತಳೋ ಏನೋ, ಕೇಳಿದವನೂ ಅಲ್ಲ.

"ಫೋನು ಮಾಡಿ ಒಂದು ಮಾತು ಕೇಳಬಹುದೇ?" ಎಂದೆ. ಮಾಸ್ಟ್ರು ಹೂವಿನ ಸ್ಟೇಷನ್ನಿಗೆ ಫೋನು ಮಾಡಿದರು. ಬಹಳ ಹೊತ್ತು ಕೇಳಿದರು. ಮತ್ತೆ ನಕ್ಕರು.

"ನಿಮ್ಮ ಹೆಂಡತಿ ಮಾಸ್ಟರ ಕುರ್ಚಿಯಲ್ಲಿ ಕೂತಿದ್ದಾರಂತೆ. ಊಟ ಆಯಿತಂತೆ. ಸಾರಿಗೆ ಹುಳಿ ಕಡಿಮೆ ಎಂದು ಹೇಳುತ್ತಿದ್ದಾರಂತೆ."

ಹಿಂದಕ್ಕೆ

ಆಟೋದಲ್ಲಿ ಒಬ್ಬ ಪೋರ್ಟರು, ಅವರ ಮಡಿಲಲ್ಲಿ ಬಳೆ, ಪಕ್ಕದಲ್ಲಿ ನಾನು. ಈ ಸಲ ಅದನ್ನು ನನ್ನ ಕೈಗೆ ಕೊಡುವ ತಪ್ಪನ್ನು ಯಾರೂ ಮಾಡಲಿಲ್ಲ. ಚಹಾ ತೋಟದ ತಿರುವುಗಳಲ್ಲಿ ಚಾಲಕ ಶೀನನ ತಮ್ಮನೇ ಇರಬೇಕು ಎನ್ನುವ ಹಾಗೆ ಓಡಿಸಿದ. ಗೂಟದ ಸ್ಟೇಷನ್ನು ಮುಟ್ಟಿದೆವು, ಬಿಲ್ಲೆ ಪೆಟ್ಟಿಗೆಯೊಳಗೆ ಬಿತ್ತು. ಗಂಟೆ ಬಡಿಯಿತು. ಹೂವಿನ ಸ್ಟೇಷನ್ನಿನಿಂದ ಗಂಟೆಯ ಉತ್ತರ ಬಂತು. ಗೂಟದ ಪೋರ್ಟರು ನನ್ನನ್ನು ನೋಡಿ ಸುಮ್ಮನೆ ಗೂಟದ ಮುಂದೆ ಅಡ್ಡ ನಿಂತರು.

ಸುರಂಗದಿಂದ ಇಂಜಿನ್ನು ಹೊರಗೆ ಬಂತು. ಕಿಟಕಿಯಲ್ಲಿ ಮೊದಲು ಕಂಡದ್ದು ನೀಲಿ ಹೂವಿನ ಹೊರೆ. ಗೆಲ್ಲು ಒಂದಲ್ಲ, ಕಟ್ಟು. ಅದರ ಹಿಂದೆ ಸರೋಜಿನಿ. ಕಾಲಲ್ಲಿ ಯಾರದೋ ಚಪ್ಪಲಿ.

ನಾನು ಅವಳ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ.

"ಹ್ವಾಯ್" ಎಂದಳು ಇಳಿಯುತ್ತಾ, "ರೈಲ್ ಎಂತಕ್ ಬಪ್ದಿಲ್ಲ ಕೇಂಡೆ. ಬಳಿ ಯಾರೋ ಹೊತ್ಕಂಡ್ ಹೋಯಿರ್ ಅಂಬ್ರ್. ಯಾರ್ ಕೇಂಡೆ. ವಯಸ್ಸಾದವ್ರ್, ಅಂಗಿ ಗುಂಡಿ ಕುತ್ಗಿ ತನ್ಕ ಹಾಕಿರ್, ಸಿಡಿಮಿಡಿ ಮುಖ ಅಂದ್ರ್. ಭಾಷಿ ಬರ್ದಿರೂ ಅಷ್ಟ್ ಅರ್ಥ ಆಯ್ತ್."

"ಅದು ತಪ್ಪಿ ಆದದ್ದು."

"ಆಯ್ಲಿ."

"ನಾನು ಬೇಕೆಂದು ಮಾಡಿದ್ದಲ್ಲ ಸರೋಜಿನಿ."

"ಆಯ್ಲಿ ಅಂದೆ ಅಲ್ದಾ. ಎರಡೆರಡ್ ರೈಲ್ ನಿಂತಿತ್! ಜನ ಎಲ್ಲ ಇಳ್ದ್ ನನ್ ಮುಖ ಕಾಂತಿದ್ರ್. ನಂಗ್ ಎಂತ ಮರ್ಯಾದಿ ಗೊತ್ತಿತಾ?" ಎಂದು ನನ್ನ ಕೈಯಿಂದ ಚಪ್ಪಲಿ ತೆಗೆದುಕೊಂಡು ಹಾಕಿಕೊಂಡಳು. "ಬೈಂದೂರಿದ್ದ್ ಲೆಕ್ಕ ಅರ್ಧ ತೀರ್ತ್."

ಇನ್ನರ್ಧವನ್ನು ಬಾಕಿ ಇಟ್ಟುಕೊಂಡು ನಾನು ಚೀಲಗಳನ್ನು ಎತ್ತಿಕೊಂಡೆ.

ಮತ್ತೆ ಕುಂದಾಪುರ

ಗೆಲ್ಲುಗಳನ್ನು ವಿಮಾನದಲ್ಲಿ ತರುವಂತಿಲ್ಲ. ನಿಯಮ ನಿಯಮವೇ ಎಂದು ನಾನೇ ಹೇಳಿದೆ, ಅವಳು ಕೊಲಂಬೊದಲ್ಲಿ ನಾವಿದ್ದ ಹೋಟೆಲಿನ ಹೆಂಗಸಿಗೆ ಕೊಟ್ಟು ಬಂದಳು. ಬದಲಿಗೆ ಚಹಾಪುಡಿಯ ಡಬ್ಬಗಳನ್ನೂ ಒಂದು ಮರದ ಆನೆಯನ್ನೂ ಕೊಂಡಳು. ಬೆಂಗಳೂರಿನಲ್ಲಿ ಇಳಿದು, ಘಟ್ಟ ಇಳಿಯುವ ರೈಲು ಹಿಡಿದು ಊರಿಗೆ ಬಂದೆವು. ದಾರಿಯುದ್ದಕ್ಕೂ ಎದುರು ಸೀಟಿನವರಿಗೆ ಅವಳು ಕಥೆ ಹೇಳಿದಳು. ಆ ಕಥೆಯಲ್ಲಿ ಗೂಟವೂ ಇರಲಿಲ್ಲ, ತಪ್ಪೂ ಇರಲಿಲ್ಲ. "ನಮ್ಮನೆಯವ್ರ್ ನಂಗ್ ಬೇಕಾಯಿ ಲಂಕೆಯಂಗೆ ರೈಲ್ ನಿಲ್ಸಿರ್" ಎಂಬಷ್ಟೇ. ನಾನು ತಿದ್ದಲು ಬಾಯಿ ತೆರೆದೆ. ಎದುರಿನವರು ನನ್ನನ್ನು ನೋಡುತ್ತಿದ್ದ ರೀತಿ ಕಂಡು ಮುಚ್ಚಿದೆ.

ಕುಂದಾಪುರದಲ್ಲಿ ನಾನು ಮೊದಲೇ ಇಳಿದು, ಚೀಲಗಳೊಂದಿಗೆ ಸಿದ್ಧನಾಗಿ ನಿಂತೆ. ಸರೋಜಿನಿ ಇನ್ನೂ ಒಳಗೆ, ಆನೆ ಎಲ್ಲಿ ಎಂದು ಹುಡುಕುತ್ತಿದ್ದಳು. ಕೊನೆಯ ಬೋಗಿಯಲ್ಲಿ ಗಾರ್ಡು ಹಸಿರು ಬಾವುಟ ಬಿಚ್ಚುತ್ತಿದ್ದರು. ಕರೆದೊಯ್ಯಲು ಬಂದ ಶೀನ ಪ್ಲಾಟ್‌ಫಾರಮ್ಮಿನಲ್ಲಿ ಕುಣಿಯತೊಡಗಿದ.

"ಅಕ್ಕಾ, ಬೇಗ ಇಳ್ಕಣಿ ಮಾರಾಯ್ರೆ! ರೈಲ್ ಹೊರ್ಡತ್ತ್!"

ಬಾಗಿಲಲ್ಲಿ ಮೊದಲು ಆನೆ ಕಾಣಿಸಿತು, ಆಮೇಲೆ ಅವಳು.

"ಗಡಿಬಿಡಿ ಎಂತಕ್ ಶೀನ? ಬೇಕಾರೆ ಇವ್ರ್ ನಿಲ್ಸ್ತ್ರ್. ಇವ್ರಿಗ್ ಅಭ್ಯಾಸ ಇತ್ತ್."

ಬಾವುಟ ಕೈಯಲ್ಲಿಲ್ಲದ ರೈಲ್ವೆಯವನು ಎರಡೂ ಕೈಗಳನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದರೆ ನಿಲ್ಲು ಎಂದರ್ಥ. ನಿಯಮ ಪುಸ್ತಕದಲ್ಲೇ ಇದೆ. ಯಾವ ಕಾರಣಕ್ಕೆ ಎತ್ತಬಹುದು ಎಂಬುದೂ ಇದೆ. ಮರದ ಆನೆಯ ಹೆಸರು ಅದರಲ್ಲಿಲ್ಲ.

ನಾನು ಚೀಲಗಳನ್ನು ಕೆಳಗಿಟ್ಟೆ. ಎರಡೂ ಕೈ ಎತ್ತಿದೆ. ಗಾರ್ಡು ಬಾವುಟ ಇಳಿಸಿ ನನ್ನನ್ನೇ ನೋಡಿದರು. ಸರೋಜಿನಿ ಒಂದೊಂದೇ ಮೆಟ್ಟಿಲು ಇಳಿದಳು, ಸೀರೆಯ ನೆರಿಗೆ ಸರಿಮಾಡಿಕೊಂಡಳು, ಡಬ್ಬಗಳನ್ನು ಶೀನನ ಕೈಗೆ ಕೊಟ್ಟಳು. ಆಮೇಲೆ ರೈಲಿನ ಕಡೆ ತಿರುಗಿ, ಇನ್ನು ಹೋಗಬಹುದು ಎನ್ನುವಂತೆ ಕೈ ಬೀಸಿದಳು.